ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ?

ಓದುಗರ ಪ್ರಶ್ನೆ: ನಾವು ಹಾಸನದ ಕಡೆಯವರು. ಎರಡು ವರ್ಷದಿಂದ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 22 ಕೋಣೆಯ ಮೋಟೆಲ್ ಒಂದನ್ನು ಲೀಸ್‌ಗೆ ಹಿಡಿದು ನಡೆಸುತ್ತಿದ್ದೇವೆ. ಬೇಸಿಗೆಯಲ್ಲಿ ಅರ್ಧಕ್ಕರ್ಧ ಖಾಲಿ. ದೂರದ ಹಳ್ಳಿಗಳಿಂದ ಆಸ್ಪತ್ರೆಗೆ ಬರುವ ಅಬೊರಿಜಿನಲ್ (ಮೂಲನಿವಾಸಿ) ಜನರಿಗಾಗಿ ವರ್ಷವಿಡೀ ಆರು ಕೋಣೆ ಬೇಕೆಂದು ಆರೋಗ್ಯ ಸಂಸ್ಥೆಯೊಂದು ಕೇಳಿದೆ. 'ಸಂಸ್ಕೃತಿಗೆ ಹೊಂದುವ ವಸತಿ' ಆಗಿರಬೇಕು ಎಂದೂ ಬರೆದಿದ್ದಾರೆ. ನನ್ನ ಪಾಲುದಾರರಿಗೆ ಇಷ್ಟವಿಲ್ಲ. ಒಬ್ಬರಿಗೆ ಕೊಟ್ಟರೆ ಹತ್ತು ಜನ ಬರುತ್ತಾರೆ, ಕೋಣೆ ಹಾಳಾಗುತ್ತದೆ, ಅಂಗಳದಲ್ಲಿ ಬೆಂಕಿ ಹಾಕುತ್ತಾರೆ, ಉಳಿದ ಗಿರಾಕಿಗಳು ಓಡಿಹೋಗುತ್ತಾರೆ ಅನ್ನುತ್ತಾರೆ. ಸಂಸ್ಕೃತಿಗೆ ಹೊಂದುವುದೆಂದರೆ ಏನು ಮಾಡಬೇಕು? ಗೋಡೆಗೆ ಅವರ ಚುಕ್ಕಿ ಚಿತ್ರ ಹಾಕಿದರೆ ಸಾಕಾ? ಹಿಂದಿನ ಸಾಲಿನ ಆರು ಕೋಣೆ ಅವರಿಗೇ ಎಂದು ಬೇರೆ ಇಟ್ಟುಬಿಡಬಹುದಾ?

ಉತ್ತರ:

ಹಿಂದಿನ ಸಾಲಿನ ಮಾತನ್ನೇ ಮೊದಲು ಮುಗಿಸೋಣ. ನಿಮ್ಮ ಪತ್ರದಲ್ಲಿ ನಿಜವಾದ ಅಪಾಯ ಇರುವುದು ಅಲ್ಲೇ. 'ಈ ಆರು ಕೋಣೆ ಅಬೊರಿಜಿನಲ್ ಜನರಿಗೆ' ಎಂದು ಕೌಂಟರಿನ ಹಿಂದೆ ಒಂದು ಚೀಟಿ ಅಂಟಿಸಿದರೂ ಸಾಕು, 1975ರ ಜನಾಂಗೀಯ ತಾರತಮ್ಯ ಕಾಯ್ದೆಯ ಬಾಗಿಲಿಗೆ ನೀವಾಗಿಯೇ ಹೋಗಿ ನಿಂತಂತೆ. ಅದರ 12ನೇ ಕಲಂ ವಸತಿಯ ಬಗ್ಗೆ, 13ನೇ ಕಲಂ ಸರಕು-ಸೇವೆಯ ಬಗ್ಗೆ. ಜನಾಂಗ ನೋಡಿ ಕೋಣೆ ಇಲ್ಲ ಅನ್ನುವುದು ತಪ್ಪು, ಕೋಣೆ ಕೊಟ್ಟು ಕೀಳು ಷರತ್ತು ಹಾಕುವುದೂ ತಪ್ಪು. ಕೌಂಟರಿನಲ್ಲಿ ಕೂತ ಹುಡುಗ ಮಾಡಿದರೂ 18ಎ ಕಲಂ ಪ್ರಕಾರ ಹೊಣೆ ನಿಮ್ಮ ಮೇಲೆ ಬರಬಹುದು. 2019ರಲ್ಲಿ ನಿಮ್ಮ ಊರಿನದೇ ಹೋಟೆಲೊಂದು ಹಳ್ಳಿಗಳಿಂದ ಬಂದ ಅಬೊರಿಜಿನಲ್ ಜನರನ್ನು ಕೆಲವೇ ಕೀಳು ಕೋಣೆಗಳಿಗೆ ಕಳಿಸುವಂತೆ ಸಿಬ್ಬಂದಿಗೆ ಇಮೇಲ್ ಕಳಿಸಿದ್ದು ಬಯಲಾಗಿ ದೇಶಕ್ಕೆಲ್ಲ ಸುದ್ದಿಯಾಯಿತು. ಬಾಡಿಗೆ ಮಾತ್ರ ಎಲ್ಲರಿಗೂ ಒಂದೇ ಇತ್ತು.

ಹಾಗಾದರೆ ಅಬೊರಿಜಿನಲ್ ಜನರಿಗೆಂದೇ ನಡೆಯುವ ಹಾಸ್ಟೆಲುಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಕೇಂದ್ರ ಸರ್ಕಾರದ ಕಂಪನಿಯಾದ ಅಬೊರಿಜಿನಲ್ ಹಾಸ್ಟೆಲ್ಸ್ ಲಿಮಿಟೆಡ್ 1973ರಿಂದ ಈ ಕೆಲಸ ಮಾಡುತ್ತಿದೆ. ನಿಮ್ಮಲ್ಲೇ 2011ರಲ್ಲಿ ತೆರೆದ ಅಪ್ಮೆರೆ ಮ್ವೆರೆ ತಂಗುದಾಣ ಇದೆ. ನಿಮ್ಮ ಊರಿನ ಮೂಲನಿವಾಸಿಗಳ ಅರೆರ್ಂಟೆ ಭಾಷೆಯಲ್ಲಿ 'ಒಳ್ಳೆಯ ಜಾಗ' ಎಂದರ್ಥ. ಹಿಂದುಳಿದವರ ಕೊರತೆ ತುಂಬುವ ಇಂಥ ವ್ಯವಸ್ಥೆಗೆ ಅದೇ ಕಾಯ್ದೆಯ 8ನೇ ಕಲಂ 'ವಿಶೇಷ ಕ್ರಮ' ಎಂದು ಜಾಗ ಬಿಟ್ಟಿದೆ. ಖಾಸಗಿ ಮೋಟೆಲಿನವರು ಅನುಕೂಲಕ್ಕೆಂದು ಕೋಣೆ ಬೇರ್ಪಡಿಸಿ ಇದನ್ನು ನೆಪ ಹೇಳಿದರೆ ನಡೆಯುವುದಿಲ್ಲ.

ನಿಮಗಿರುವ ದಾರಿ ಸರಳ. ಕೋಣೆಯನ್ನು ಬಣ್ಣದಿಂದ ವಿಂಗಡಿಸಬೇಡಿ, ಅಗತ್ಯದಿಂದ ವಿಂಗಡಿಸಿ. 'ನೆಲಮಹಡಿ, ಅಂಗಳಕ್ಕೆ ತೆರೆಯುವ ಬಾಗಿಲು, ಅಡುಗೆಗೆ ಅವಕಾಶ, ನಾಲ್ವರು ಮಲಗಬಹುದು' ಎಂದು ಆರು ಕೋಣೆ ಮಾಡಿ. ಆರೋಗ್ಯ ಸಂಸ್ಥೆ ತೆಗೆದುಕೊಂಡಷ್ಟು ತೆಗೆದುಕೊಳ್ಳಲಿ. ಖಾಲಿ ಇದ್ದ ದಿನ ಕ್ಯಾರವಾನು ಕೆಟ್ಟು ನಿಂತ ಅಡಿಲೇಡಿನ ಅಜ್ಜ-ಅಜ್ಜಿಗೂ ಅದೇ ಕೋಣೆ, ಅದೇ ಬಾಡಿಗೆ. ಅಬೊರಿಜಿನಲ್ ಗಿರಾಕಿ ಮುಂದಿನ ಸಾಲಿನ ಕೋಣೆ ಕೇಳಿದರೆ ಅದೂ ಸಿಗಬೇಕು.

ಈಗ ಅವರು ಯಾಕೆ ಬರುತ್ತಾರೆ, ಎಷ್ಟು ದಿನ ಇರುತ್ತಾರೆ ಎನ್ನುವುದು. ಇದು ಗೊತ್ತಿಲ್ಲದೆ ಕೋಣೆ ಸಿದ್ಧಮಾಡಿದರೆ ಎಲ್ಲ ತಲೆಕೆಳಗಾಗುತ್ತದೆ. ಯುಎಂಡುಮು ಎಂಬ ಹಳ್ಳಿ ಸುಮಾರು 300 ಕಿಲೋಮೀಟರ್ ದೂರ. ಕಿಂಟೋರ್ 500 ದಾಟುತ್ತದೆ, ಬೆಂಗಳೂರಿನಿಂದ ವಿಜಯಪುರಕ್ಕೆ ಹೋದಷ್ಟು, ಅದೂ ಬಹುಪಾಲು ಮಣ್ಣಿನ ರಸ್ತೆಯಲ್ಲಿ. ಮಳೆ ಬಂದರೆ ರಸ್ತೆ ಮುಚ್ಚುತ್ತದೆ. ಎರಡು ದಿನಕ್ಕೆಂದು ಬಂದವರು ಹತ್ತು ದಿನ ಸಿಕ್ಕಿಕೊಳ್ಳುತ್ತಾರೆ. ಡಯಾಲಿಸಿಸ್‌ನವರು ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕೈದು ಗಂಟೆ ಯಂತ್ರಕ್ಕೆ ಕೂರಬೇಕು. ಕಿಂಟೋರಿನಂಥ ಕೆಲವು ಹಳ್ಳಿಗಳಲ್ಲಿ ಪರ್ಪಲ್ ಹೌಸ್ ಸಂಸ್ಥೆ ಯಂತ್ರ ಇಟ್ಟಿದ್ದರೂ ಎಲ್ಲರಿಗೂ ಅಲ್ಲಿ ಸರದಿ ಸಿಗುವುದಿಲ್ಲ, ಆದ್ದರಿಂದ ಅವರಿಗೆ 'ಕೆಲವು ದಿನ' ಎನ್ನುವುದು ತಿಂಗಳುಗಟ್ಟಲೆ ಎಳೆಯಬಹುದು. ಬಸುರಿಯರನ್ನು ಹೆರಿಗೆಗೆ ಎರಡು-ಮೂರು ವಾರ ಮೊದಲೇ ಆಲಿಸ್ ಸ್ಪ್ರಿಂಗ್ಸ್‌ಗೆ ಕಳಿಸುತ್ತಾರೆ. ಚೊಚ್ಚಲ ಬಸುರಿ, ಹದಿನೆಂಟರ ಹುಡುಗಿ, ಒಬ್ಬಳೇ ಮೋಟೆಲ್ ಕೋಣೆಯಲ್ಲಿ. ಎರಡನೇ ರಾತ್ರಿಗೇ ಅವಳು ಎದ್ದು ಸಂಬಂಧಿಕರ ಮನೆಗೋ ಹಳ್ಳಿಗೋ ಹೊರಟುಬಿಟ್ಟರೆ ಅದು ಅವಳ ಅಶಿಸ್ತು ಎಂದು ಬರೆಯಬೇಡಿ. ನಮ್ಮ ಕಡೆ ಬಸುರಿಯನ್ನು ಯಾರಾದರೂ ಒಬ್ಬಳೇ ಮಲಗಿಸುತ್ತಾರಾ?

ಇವರಲ್ಲದೆ ಕೋರ್ಟಿಗೆ, ಸಾವಿಗೆ, ಈಸ್ಟರ್ ಹೊತ್ತಿನ ಫುಟ್‌ಬಾಲ್ ಪಂದ್ಯಗಳಿಗೆ, ಜುಲೈನ ಜಾತ್ರೆಗೆ ಬರುವವರಿದ್ದಾರೆ. ಜಾಗ ಸಿಗದವರು ಟಾಡ್ ನದಿಯ ಒಣಪಾತ್ರದಲ್ಲಿ ಮಲಗುತ್ತಾರೆ, ಇಲ್ಲವೇ ಟೌನ್ ಕ್ಯಾಂಪ್ ಎನ್ನುವ ಊರಂಚಿನ ಅಬೊರಿಜಿನಲ್ ಕೇರಿಗಳಲ್ಲಿರುವ ನೆಂಟರ ಮನೆ ತುಂಬುತ್ತಾರೆ. 'ಅವರಿಗೆ ನದಿಯೇ ಇಷ್ಟ' ಎನ್ನುವ ಮಾತು ಊರಲ್ಲಿ ಕೇಳುತ್ತೀರಿ. ಜುಲೈ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವ ಊರಲ್ಲಿ ಯಾರಿಗೂ ನದಿ ಇಷ್ಟವಿರುವುದಿಲ್ಲ. ಮುಂಗಡ, ಗುರುತಿನ ಚೀಟಿ, ಕ್ರೆಡಿಟ್ ಕಾರ್ಡ್ ಕೇಳದ ಜಾಗ ಅದೊಂದೇ. ಇತ್ತ ಕ್ಯಾಂಪಿನ ಮನೆಯಲ್ಲಿ ಮೂರು ಕೋಣೆಗೆ ಹದಿನೈದು ಜನರಾದರೆ ಚರಂಡಿ ಕಟ್ಟುತ್ತದೆ, ಮಕ್ಕಳಿಗೆ ಕಜ್ಜಿ ಹರಡುತ್ತದೆ, ಕೊನೆಗೆ ಬಾಡಿಗೆ ಮನೆ ಕಳೆದುಕೊಳ್ಳುವುದು ಆತಿಥ್ಯ ಮಾಡಿದ ಅಜ್ಜಿ. ನಿಮ್ಮ ಆರು ಕೋಣೆ ಇಳಿಸುವುದು ಆ ಭಾರವನ್ನೂ.

ಸಂಸ್ಕೃತಿಗೆ ಹೊಂದುವುದು ಎಂದರೆ ಏನು? ಚುಕ್ಕಿ ಚಿತ್ರ ಹಾಕುವುದಾದರೆ ದುಡ್ಡು ಕೊಟ್ಟು ಕಲಾವಿದರಿಂದಲೇ ಕೊಂಡು ಹಾಕಿ, ಚೆನ್ನಾಗಿರುತ್ತದೆ. ಅದರಿಂದ ಯಾರಿಗೂ ನಿದ್ದೆ ಬರುವುದಿಲ್ಲ. ನಿದ್ದೆ ಬರುವುದು ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ.

ಇದನ್ನು ಇಂಗ್ಲಿಷ್ ಮಾತ್ರ ಬಲ್ಲ ಮ್ಯಾನೇಜರಿಗೆ ವಿವರಿಸಲು ಅರ್ಧ ದಿನ ಬೇಕು. ಕನ್ನಡಿಗರಿಗೆ ಎರಡು ನಿಮಿಷ ಸಾಕು. ನಮ್ಮಲ್ಲಿ ಅಪ್ಪನ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ, ಇಬ್ಬರೂ ಅಪ್ಪಂದಿರೇ. ಅಮ್ಮನ ಅಕ್ಕ ದೊಡ್ಡಮ್ಮ, ಅವಳ ಮಗ ನನಗೆ ಅಣ್ಣನೋ ತಮ್ಮನೋ. ಅಮ್ಮನ ಅಣ್ಣ ಮಾತ್ರ ಬೇರೆ, ಅವನು ಸೋದರಮಾವ. ಮಧ್ಯ ಆಸ್ಟ್ರೇಲಿಯಾದ ಬಹುತೇಕ ಭಾಷೆಗಳಲ್ಲೂ ಹೀಗೆಯೇ. ಮಾನವಶಾಸ್ತ್ರಜ್ಞರು ದ್ರಾವಿಡ ಬಂಧುತ್ವವನ್ನೂ ಆಸ್ಟ್ರೇಲಿಯಾದ ಬಂಧುತ್ವವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಇದಕ್ಕೇ. ಆದ್ದರಿಂದ 'ನನ್ನ ಮಗ ಜೊತೆಗಿರುತ್ತಾನೆ' ಎಂದ ಹೆಂಗಸು ಫಾರ್ಮಿನಲ್ಲಿ ಅಕ್ಕನ ಮಗನ ಹೆಸರು ಬರೆದರೆ ಸುಳ್ಳು ಹೇಳಿದಳು ಎಂದುಕೊಳ್ಳಬೇಡಿ. ನಿಮ್ಮಮ್ಮನೂ ಹಾಗೇ ಹೇಳುತ್ತಿದ್ದರು.

ವಾರ್ಲ್‌ಪಿರಿ ಜನರಲ್ಲಿ ಇದರ ಮೇಲೆ ಎಂಟು 'ಸ್ಕಿನ್' ಗುಂಪುಗಳಿವೆ, ಹುಟ್ಟಿನಿಂದಲೇ ಬರುವ ಬಂಧುತ್ವದ ಗುಂಪುಗಳು. ಗಂಡಸರ ಗುಂಪಿನ ಹೆಸರು 'ಜ'ದಿಂದ, ಹೆಂಗಸರದು 'ನ'ದಿಂದ ಶುರು: ಜಪಾಲ್ಜಾರಿ, ನಪಾಲ್ಜಾರಿ. ಕೌಂಟರಿನಲ್ಲಿ ಇದನ್ನು ಮನೆತನದ ಹೆಸರೆಂದು ಹಿಡಿದರೆ ಒಂದೇ ದಿನ ಮೂವರು ನಪಾಲ್ಜಾರಿಯರು ಬಂದು ಬುಕಿಂಗ್ ಕಲಸುಮೇಲೋಗರವಾಗುತ್ತದೆ. ಹುಟ್ಟಿದ ದಿನ ನೋಡಿ ಬೇರ್ಪಡಿಸೋಣವೆಂದರೆ ಅದೂ ಕೈಕೊಡುತ್ತದೆ. ಹಳಬರಲ್ಲಿ ಅನೇಕರ ದಾಖಲೆಯಲ್ಲಿ ಜುಲೈ 1 ಎಂದೇ ಇರುತ್ತದೆ, ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಅಧಿಕಾರಿಗಳು ಹಾಕಿಕೊಂಡ ದಿನಾಂಕ ಅದು. ಹೆಸರು, ಹಳ್ಳಿ, ಆಸ್ಪತ್ರೆಯ ದಾಖಲೆ ಸಂಖ್ಯೆ ಮೂರನ್ನೂ ಸಂಸ್ಥೆಯಿಂದ ಮೊದಲೇ ಬರೆಸಿಕೊಳ್ಳಿ.

ಬಂಧುತ್ವದ ಇನ್ನೊಂದು ಮುಖ ದೂರ ಉಳಿಯುವ ನಿಯಮ. ಅತ್ತೆ-ಅಳಿಯ ಒಬ್ಬರಿಗೊಬ್ಬರು ಎದುರಾಗಬಾರದು, ಮಾತಾಡಬಾರದು, ಒಂದೇ ಸೂರಿನಡಿ ಕೂರಬಾರದು. ಇದು ದ್ವೇಷವಲ್ಲ, ಮರ್ಯಾದೆ. ಅತ್ತೆ ಮೂರನೇ ಕೋಣೆಯಲ್ಲಿ, ಅಳಿಯ ನಾಲ್ಕರಲ್ಲಿ, ಇಬ್ಬರಿಗೂ ಒಂದೇ ಜಗಲಿ ಎಂದರೆ ಇಬ್ಬರಲ್ಲೊಬ್ಬರು ಮಾತಿಲ್ಲದೆ ಗಂಟು ಕಟ್ಟಿ ಹೊರಡುತ್ತಾರೆ. ಮರುದಿನದ ಆಪರೇಷನ್ ತಪ್ಪುತ್ತದೆ. ನಿಮ್ಮ ಪುಸ್ತಕದಲ್ಲಿ 'ಹೇಳದೆ ಹೋದರು' ಎಂದು ದಾಖಲಾಗುತ್ತದೆ. ನೀವು ಎಂಟು ಗುಂಪಿನ ಲೆಕ್ಕ ಬಾಯಿಪಾಠ ಮಾಡಬೇಕಿಲ್ಲ. ಕೀಲಿ ಕೊಡುವ ಮೊದಲು ಕೋಣೆಗಳನ್ನು ತೋರಿಸಿ, 'ಇಲ್ಲಿ ಇವರಿದ್ದಾರೆ, ಅಲ್ಲಿ ಅವರಿದ್ದಾರೆ, ನಿಮಗೆ ಯಾವುದು ಸರಿ?' ಎಂದು ಕೇಳಿ. ಪಕ್ಕದವರ ಹೆಸರು ಹೇಳಬೇಡಿ, ಯಾವ ಹಳ್ಳಿಯವರು, ಗಂಡಸೋ ಹೆಂಗಸೋ ಅಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೆ ಗೊತ್ತಾಗುತ್ತದೆ. ಅರ್ಧರಾತ್ರಿ ಕೋಣೆ ಬದಲಿಸಿ ಎಂದರೆ ಕಾರಣ ಕೇಳದೆ ಬದಲಿಸಿ. ಇದಕ್ಕಾಗಿ ಆರರಲ್ಲಿ ಒಂದು ಕೋಣೆ ಸದಾ ಖಾಲಿ ಇರುವುದು ಒಳ್ಳೆಯದು, ಅದರ ಬಾಡಿಗೆಯನ್ನು ಒಪ್ಪಂದದಲ್ಲೇ ಸೇರಿಸಿ. ಒಂಟಿ ಗಂಡಸರ ಕೋಣೆಗಳು ಒಂದು ತುದಿಗೆ, ಹೆಂಗಸರು-ಮಕ್ಕಳದು ಇನ್ನೊಂದು ತುದಿಗೆ, ಎರಡಕ್ಕೂ ಬೇರೆ ಬೇರೆ ದಾರಿ ಇರಲಿ. ಒಬ್ಬರ ಕಣ್ಣಿಗೆ ಬೀಳದೆ ಇನ್ನೊಬ್ಬರು ಗೇಟು ದಾಟುವಂತಿರಬೇಕು.

'ಹತ್ತು ಜನ ಬರುತ್ತಾರೆ' ಎನ್ನುವುದರಲ್ಲಿ ನಿಮ್ಮ ಪಾಲುದಾರರು ಪೂರ್ತಿ ತಪ್ಪಿಲ್ಲ. ಬರುತ್ತಾರೆ. ಬಂದವರಿಗೆ ಇಲ್ಲ ಅನ್ನಲು ಕೋಣೆ ಹಿಡಿದವರಿಗೆ ಆಗುವುದಿಲ್ಲ. ಇರುವುದನ್ನು ಬಂಧುಗಳೊಡನೆ ಹಂಚಿಕೊಳ್ಳಲೇಬೇಕು ಎನ್ನುವುದು ಅಲ್ಲಿಯ ಧರ್ಮ. ಅದರ ಕಿರಿಕಿರಿಗೆ ಅವರದೇ ಒಂದು ಮಾತೂ ಇದೆ, 'ಹಂಬಗ್'. ಡಯಾಲಿಸಿಸ್ ಮುಗಿಸಿ ಬಂದ ಅಜ್ಜಿಯ ಕಾರ್ಡು, ಊಟ, ಹಾಸಿಗೆ ಎಲ್ಲ ರಾತ್ರಿಯೊಳಗೆ ಹಂಚಿಹೋಗುವುದುಂಟು. ಹಾಗಾಗಿ ಗೇಟಿನ ನಿಯಮ ಇರಲಿ ಎಂದು ಹೆಚ್ಚಾಗಿ ಕೇಳುವವರು ಉಳಿದುಕೊಂಡವರೇ. ಇಲ್ಲಿ ನಿಮ್ಮ ಕೆಲಸ ಕೆಟ್ಟವರಾಗುವುದು. 'ನನಗೇನೂ ಇಲ್ಲಪ್ಪಾ, ಆಫೀಸಿನವರು ಬಿಡಲ್ಲ' ಎಂದು ಅಜ್ಜಿ ಹೇಳುವಂತಾದರೆ ಅವಳ ನೆಂಟಸ್ತನವೂ ಉಳಿಯಿತು, ನಿದ್ದೆಯೂ ಉಳಿಯಿತು. ನೋಡಲು ಬರುವವರಿಗೆ ಹಗಲಲ್ಲಿ ಅಂಗಳ ತೆರೆದಿರಲಿ, ರಾತ್ರಿ 9ಕ್ಕೆ ಗೇಟು ಮುಚ್ಚಲಿ, ಕೋಣೆಗೆ ಎಷ್ಟು ಜನ ಎನ್ನುವುದು ಬಾಗಿಲ ಮೇಲೆ ಅಂಕಿಯಲ್ಲಿ ಬರೆದಿರಲಿ. ಕೋಣೆಯೊಳಗೆ ಬೀಗ ಹಾಕುವ ಕಪಾಟು, ಬೀಗ ಹಾಕಬಹುದಾದ ಸಣ್ಣ ಫ್ರಿಡ್ಜ್ ಇಡಿ. ಎಲ್ಲರಿಗೂ ಒಂದೇ ಫ್ರಿಡ್ಜ್ ಇಟ್ಟರೆ ಒಂದು ವಾರದಲ್ಲಿ ಜಗಳ.

ಅಂಕಿ ಎಷ್ಟಿರಬೇಕು? ಎರಡು ಹಾಸಿಗೆಯ ಕೋಣೆಗೆ 'ಇಬ್ಬರೇ' ಎಂದರೆ ಅದು ಮೊದಲ ದಿನವೇ ಮುರಿಯುತ್ತದೆ. ನಾಲ್ಕು ಎಂದು ಮೊದಲೇ ಒಪ್ಪಿಕೊಂಡು ಒರೆಸಬಹುದಾದ ವಿನೈಲ್ ಹೊದಿಕೆಯ ತೆಳು ಹಾಸಿಗೆ ಎರಡು ಹೆಚ್ಚಿಗೆ ಕೊಡುವುದು ಜಾಣತನ. ಆದರೆ ಕೋಣೆಯ ಅಳತೆ, ಬೆಂಕಿ ಸುರಕ್ಷತೆಯ ಮಿತಿಯನ್ನು ಕಟ್ಟಡ ಪ್ರಮಾಣೀಕರಿಸುವವರಿಂದ ಲಿಖಿತವಾಗಿ ಪಡೆದ ಮೇಲೆಯೇ ಅಂಕಿ ಬರೆಯಿರಿ. ಬಹಳ ಜನಕ್ಕೆ ಒಂಟಿಯಾಗಿ, ಬಾಗಿಲು ಮುಚ್ಚಿ, ಕತ್ತಲಲ್ಲಿ ಮಲಗುವುದೇ ಭಯ. ದೀಪ ಉರಿಸಿಕೊಂಡೇ ಮಲಗುತ್ತಾರೆ. ಕರೆಂಟ್ ಬಿಲ್ಲಿಗೆ ಹೆದರಿ ದೀಪ ತಾನಾಗಿ ಆರುವ ಯಂತ್ರ ಕೂರಿಸಬೇಡಿ, ಎಲ್ಇಡಿ ಹಾಕಿ ಸುಮ್ಮನಿರಿ.

ಹಾಳು ಮಾಡುತ್ತಾರೆ ಎನ್ನುವ ಮಾತಿಗೆ ಅಂಕಿ ಇದೆ. 1987ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನಂಗನಂಪ ಆರೋಗ್ಯ ಮಂಡಳಿ, ಜನ ಯಾಕೆ ಕಾಯಿಲೆ ಬೀಳುತ್ತಾರೆ ಎಂದು ಮನೆಗಳ ಒಳಗೆ ಹೋಗಿ ನೋಡಿಸಿತು. ಅದರಿಂದ ಹುಟ್ಟಿದ ಹೆಲ್ತ್‌ಹ್ಯಾಬಿಟ್ಯಾಟ್ ತಂಡ ಮುಂದೆ ದೇಶದಾದ್ಯಂತ ಏಳು ಸಾವಿರಕ್ಕೂ ಹೆಚ್ಚು ಅಬೊರಿಜಿನಲ್ ಮನೆಗಳ ನಲ್ಲಿ, ಷವರ್, ಸ್ವಿಚ್ಚು ಪರೀಕ್ಷಿಸಿತು. ಮೊದಲ ದಿನ ಸರಿಯಾಗಿ ಕೆಲಸ ಮಾಡುತ್ತಿದ್ದ ಷವರ್ ಇದ್ದದ್ದು ಸುಮಾರು 35 ಶೇಕಡಾ ಮನೆಗಳಲ್ಲಿ. ಕೆಟ್ಟಿದ್ದಕ್ಕೆ ಕಾರಣ ಹುಡುಕಿದರೆ ಸುಮಾರು 70 ಶೇಕಡಾ ನಿರ್ವಹಣೆಯೇ ಇಲ್ಲದ್ದು, 20 ಶೇಕಡಾ ಮೊದಲೇ ಕೆಟ್ಟದಾಗಿ ಕಟ್ಟಿದ್ದು, ಇದ್ದವರು ಒಡೆದದ್ದು 10ಕ್ಕಿಂತ ಕಡಿಮೆ. ಇದು ಮನೆಗಳ ಲೆಕ್ಕ, ಮೋಟೆಲಿನದಲ್ಲ ಎನ್ನುವುದು ನೆನಪಿರಲಿ. ಆದರೂ ಪಾಠ ಒಂದೇ: ಇಬ್ಬರಿಗೆಂದು ಮಾಡಿದ ಸಾಮಾನನ್ನು ಆರು ಜನ ಬಳಸಿದರೆ ಮೂರು ಪಟ್ಟು ಬೇಗ ಸವೆಯುತ್ತದೆ, ಅಷ್ಟೇ ಬೇಗ ನಿರ್ವಹಣೆಯೂ ಬೇಕು.

ಆದ್ದರಿಂದ ಖರ್ಚು ಮಾಡುವುದಿದ್ದರೆ ಬಚ್ಚಲಿಗೆ ಮಾಡಿ. ನಿಮ್ಮ ಊರಿನ ನೀರು ಗಡಸು. ಷವರ್ ತಲೆ, ಬಿಸಿನೀರಿನ ಹೀಟರು, ನಲ್ಲಿಯ ವಾಷರು ಎಲ್ಲದರಲ್ಲೂ ಸುಣ್ಣ ಕಟ್ಟುತ್ತದೆ. ನಲ್ಲಿ ಗಟ್ಟಿಯಾಗುತ್ತದೆ, ಜನ ಒತ್ತಿ ತಿರುಗಿಸುತ್ತಾರೆ, ಹಿಡಿ ಕಿತ್ತುಬರುತ್ತದೆ, 'ಒಡೆದರು' ಎಂದು ಬರೆಯುತ್ತೀರಿ. ತಿಂಗಳಿಗೊಮ್ಮೆ ಷವರ್ ತಲೆ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿ. ಬಚ್ಚಲ ನೆಲಕ್ಕೆ ಚರಂಡಿ ಕಿಂಡಿಯ ಕಡೆ ಇಳಿಜಾರು ಸರಿಯಿದೆಯಾ ಎಂದು ಒಂದು ಬಕೆಟ್ ನೀರು ಸುರಿದು ನೋಡಿ. ಜಾಲರಿಯ ಕೆಳಗೆ ಕೂದಲು ಹಿಡಿಯುವ ಬುಟ್ಟಿ ಇಡಿ. ಬಾಗಿಲುಗಳು ಪೊಳ್ಳು ಹಲಗೆಯದಾಗಿದ್ದರೆ ಕೆಟ್ಟಾಗ ಗಟ್ಟಿ ಹಲಗೆಯದಕ್ಕೆ ಬದಲಿಸಿ. ಬಟ್ಟೆ ಒಗೆಯುವ ಯಂತ್ರ ಮನೆಬಳಕೆಯ ಏಳು ಕಿಲೋದ್ದು ಬೇಡ. ಕಂಬಳಿ ಹಿಡಿಯುವಂಥ ದೊಡ್ಡದು, ಬಿಸಿನೀರಿನದು, ಕಾಸು ಹಾಕುವ ಅಗತ್ಯವಿಲ್ಲದ್ದು ಇರಲಿ. ಯಾರು ಹೋದರೂ ಹಾಸು-ಹೊದಿಕೆಗಳನ್ನು 60 ಡಿಗ್ರಿಯಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಜ್ಜಿಯ ಹುಳು ಅದಕ್ಕೆ ಸಾಯುತ್ತದೆ, ಯಾರನ್ನೂ ಬೆರಳು ಮಾಡಿ ತೋರಿಸಿದಂತೆಯೂ ಆಗುವುದಿಲ್ಲ.

ಬೆಂಕಿ. ಇದನ್ನು ನಿಷೇಧಿಸಿದರೆ ಹಾಕುತ್ತಾರೆ, ಜಾಗ ಮಾಡಿಕೊಟ್ಟರೆ ಅಲ್ಲೇ ಹಾಕುತ್ತಾರೆ. ಬೆಂಕಿಯ ಸುತ್ತ ಕೂರುವುದು ಅಡುಗೆಗೆ, ಚಳಿಗೆ, ಯಾರು ಬಂದರು ಹೋದರು ನೋಡುವುದಕ್ಕೆ, ದೊಡ್ಡವರು ಮಕ್ಕಳೊಡನೆ ಮಾತಾಡುವುದಕ್ಕೆ. ಕಾಂಗರೂ ಬಾಲವನ್ನು ಕೆಂಡದಲ್ಲಿ ಕೂದಲು ಸುಟ್ಟು, ಕೆರೆದು, ಬಿಸಿ ಬೂದಿಯಲ್ಲಿ ಹುಗಿದು ಬೇಯಿಸುತ್ತಾರೆ. ಬಾಲ ನಿಮ್ಮ ಊರಿನ ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲೇ ಸಿಗುತ್ತದೆ, ಅದನ್ನು ಮೈಕ್ರೋವೇವಿನಲ್ಲಿ ಮಾಡಲಾಗದು. ಕಟ್ಟಡ, ಬೇಲಿ, ಗ್ಯಾಸ್ ಸಿಲಿಂಡರಿನಿಂದ ಸಾಕಷ್ಟು ದೂರದಲ್ಲಿ ಅರ್ಧ ಡ್ರಮ್ಮಿನ ಒಲೆ, ಮೇಲೆ ಕಬ್ಬಿಣದ ಜಾಲರಿ, ಬಾಲ ಹುಗಿಯಲು ಪಕ್ಕದಲ್ಲಿ ಮರಳಿನ ಗುಂಡಿ, ಉದ್ದ ಹಿಡಿಯ ಸಲಿಕೆ, ನೀರಿನ ಕೊಳವೆ ಇರಲಿ. ಸುತ್ತ ಬಫೆಲ್ ಹುಲ್ಲು ಇದ್ದರೆ ಬೇರುಸಹಿತ ಕೀಳಿಸಿ, ಒಣಗಿದ ಬಫೆಲ್ ಪೆಟ್ರೋಲಿನಂತೆ ಹತ್ತಿಕೊಳ್ಳುತ್ತದೆ. ಮುಲ್ಗಾ ಸೌದೆ ಲೋಡು ತರಿಸಿ ನೀವೇ ಕೊಡಿ, ಇಲ್ಲದಿದ್ದರೆ ಪಕ್ಕದವರ ಬೇಲಿಯ ಕಂಬ ಒಲೆಗೆ ಹೋಗಬಹುದು. ಪೂರ್ಣ ಬೆಂಕಿ ನಿಷೇಧದ ದಿನಗಳಲ್ಲಿ ಮಾತ್ರ ಒಲೆಗೆ ಮುಚ್ಚಳ ಹಾಕಿ ಬೀಗ. ಆ ದಿನದ ಅಡುಗೆಗೆ ಏನು ಬಳಸಬಹುದು ಎಂದು ಅಗ್ನಿಶಾಮಕದವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒಲೆ ಹೂಡುವ ಮುನ್ನವೂ ಅವರಿಗೂ ನಿಮ್ಮ ವಿಮೆಯವರಿಗೂ ಪತ್ರ ಬರೆದು ಉತ್ತರ ಪಡೆಯಿರಿ. ವಿಮೆಯವರಿಗೆ ಹೇಳದೆ ಒಲೆ ಹಾಕಿ ಸಿಕ್ಕಿಬಿದ್ದವರು ಉಂಟು.

ಅಂಗಳದಲ್ಲಿ ನೆರಳು ಮಾಡಿ. ಜನವರಿಯಲ್ಲಿ 36-37 ಡಿಗ್ರಿ ಮಾಮೂಲು. ಎಸಿ ಕೋಣೆ ಖಾಲಿ ಬಿಟ್ಟು ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡರೆ ಒಳಗೆ ಕಳಿಸಬೇಡಿ. ಗೇಟು, ದಾರಿ, ಬರುವವರ ಮುಖ ಕಾಣುವ ಜಾಗ ಅವರಿಗೆ ಬೇಕು. ಎತ್ತರದ ಗೋಡೆ ಕಟ್ಟಿ 'ಖಾಸಗಿತನ ಕೊಟ್ಟೆವು' ಎಂದುಕೊಂಡ ವಿನ್ಯಾಸಗಳು ಸೋತದ್ದು ಇಲ್ಲೇ.

ಉಳಿದ ಗಿರಾಕಿಗಳ ವಿಷಯ ಚಿಕ್ಕದು. ಗದ್ದಲಕ್ಕೆ ಕಾರಣ ಹೆಚ್ಚಾಗಿ ಕುಡಿತ, ಕುಡಿತಕ್ಕೆ ನಿಯಮ ಮಾಡಿ. ಆದರೆ ಆ ನಿಯಮ 22 ಕೋಣೆಗೂ ಒಂದೇ ಇರಲಿ. ಜರ್ಮನಿಯ ಪ್ರವಾಸಿ ಜಗಲಿಯಲ್ಲಿ ಬಿಯರ್ ಹಿಡಿದು ಕೂತಿರುವಾಗ ಪಕ್ಕದ ಅಬೊರಿಜಿನಲ್ ಗಂಡಸಿನ ಚೀಲ ತಪಾಸಣೆ ಮಾಡಿದರೆ ಮತ್ತೆ ಅದೇ 1975ರ ಕಾಯ್ದೆ. ರಾತ್ರಿ ತೊಂದರೆಯಾದರೆ ಮೊದಲ ಫೋನು ಪೊಲೀಸರಿಗೇ ಆಗಬೇಕಿಲ್ಲ. ಟೌನ್ ಕ್ಯಾಂಪ್‌ಗಳವರ ಸಂಸ್ಥೆಯಾದ ತಂಗೆಂಟಿಯೆರೆ ಕೌನ್ಸಿಲಿನ ರಾತ್ರಿ ಗಸ್ತು (ನೈಟ್ ಪಟ್ರೋಲ್) ಇದೆ, ಬಂಧುತ್ವ ಬಲ್ಲವರು ಬಂದು ಮಾತಾಡಿಸಿ ಕರೆದೊಯ್ಯುತ್ತಾರೆ. ಹೊಡೆದಾಟ, ಆಯುಧ, ಹೆಂಗಸಿನ ಮೇಲೆ ಕೈ ಎಂದರೆ ಮಾತ್ರ ಎರಡನೇ ಯೋಚನೆ ಬೇಡ, ಸೊನ್ನೆ ಸೊನ್ನೆ ಸೊನ್ನೆ ಒತ್ತಿ ಪೊಲೀಸರನ್ನು ಕರೆಯಿರಿ.

ಮಾತಿನ ಬಗ್ಗೆ ಒಂದು ಎಚ್ಚರಿಕೆ. ನಿಯಮ ಹೇಳಿ 'ಅರ್ಥವಾಯಿತಾ?' ಎಂದರೆ 'ಯೆಸ್' ಎನ್ನುತ್ತಾರೆ. ಅದು ನಮ್ಮ ಹೂಂಗುಟ್ಟುವಿಕೆ. ಕೇಳಿಸಿಕೊಂಡೆ ಎಂದು, ಒಪ್ಪಿದೆ ಎಂದಲ್ಲ. ಇಂಗ್ಲಿಷ್ ಅನೇಕರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಚಿಕ್ಕಂದಿನ ಕಿವಿ ಸೋರುವಿಕೆಯಿಂದ ಶ್ರವಣ ಕುಂದಿದವರು ಬಹಳ. ಗಾಜಿನ ಹಿಂದೆ ಕೂತು ಮೈಕಿನಲ್ಲಿ ಹೇಳಿದರೆ ಏನೂ ಮುಟ್ಟುವುದಿಲ್ಲ. ಹೊರಗೆ ಬಂದು, ಪಕ್ಕದಲ್ಲಿ ನಿಂತು, ಕಣ್ಣಿಗೆ ಕಣ್ಣು ನೆಡದೆ, ನಿಧಾನವಾಗಿ ಹೇಳಿ. 'ಗೇಟು ಎಷ್ಟಕ್ಕೆ ಮುಚ್ಚುತ್ತೆ?' ಎಂದು ಅವರಿಂದಲೇ ಹೇಳಿಸಿ. ಹಣ, ಹೊಣೆಯ ಮಾತಿಗೆ ಪ್ರಾಂತ್ಯ ಸರ್ಕಾರದ ಅಬೊರಿಜಿನಲ್ ಇಂಟರ್‌ಪ್ರಿಟರ್ ಸೇವೆಯಿದೆ.

ಸಾವಿನ ಸುದ್ದಿ ಬಂದಾಗ ಹೇಗೆ ಎನ್ನುವುದು ನಿಮ್ಮ ಪತ್ರದಲ್ಲಿಲ್ಲ, ಆದರೆ ಆರು ಕೋಣೆ ರೋಗಿಗಳಿಗೆ ಕೊಟ್ಟ ಮೇಲೆ ಅದು ಬಂದೇ ಬರುತ್ತದೆ. ಸತ್ತವರ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಅದೇ ಹೆಸರಿನ ಬದುಕಿರುವವರನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ, ವಾರ್ಲ್‌ಪಿರಿಯಲ್ಲಿ ಕುಮಂಜಾಯಿ ಎಂದು. ಅಂಗಳದಲ್ಲಿ ಹೆಸರು ಕೂಗಿ ಕರೆಯುವ ಅಭ್ಯಾಸ ಮೊದಲ ದಿನದಿಂದಲೇ ಬಿಡಿ, ಕೋಣೆಯ ಸಂಖ್ಯೆ ಹೇಳಿ ಕರೆಯಿರಿ. ಕೋಣೆಯಲ್ಲೇ ಸಾವಾದರೆ ಪೊಲೀಸರು, ವೈದ್ಯರ ಕೆಲಸ ಮುಗಿದ ಮೇಲೆ ಬೀಗ ಹಾಕಿ, ಸಾಮಾನು ಮುಟ್ಟದೆ ಬಿಡಿ. ಸಂಸ್ಥೆಯ ಮೂಲಕ ಕುಟುಂಬದವರನ್ನು ಕೇಳಿ ಹೊಗೆ ಹಾಕಿಸಿದ ಮೇಲೆ ಕೋಣೆ ತೆರೆಯುತ್ತದೆ. ನಮ್ಮ ಸೂತಕದಂತೆ ಎಂದುಕೊಂಡರೆ ಅರ್ಧ ಸರಿ. ಶುದ್ಧಿ ಯಾವಾಗ, ಯಾರು ಮಾಡಬೇಕು ಎನ್ನುವುದು ಮಾತ್ರ ಅವರ ತೀರ್ಮಾನ, ಹತ್ತೋ ಹದಿಮೂರೋ ದಿನದ ಲೆಕ್ಕವಲ್ಲ. ಆ ದಿನಗಳ ಬಾಡಿಗೆ ಯಾರದು ಎಂದು ಒಪ್ಪಂದದಲ್ಲಿರಲಿ. ಸುದ್ದಿ ಬಂದ ರಾತ್ರಿ ಅಕ್ಕಪಕ್ಕದ ಕೋಣೆಯವರೂ ಹೊರಡಬಹುದು, ಅವರು ಮುಂಗಡ ಕೊಟ್ಟಿದ್ದರೆ ಹಿಂದಿರುಗಿಸಿ.

ಇನ್ನು ದಾರಿಗಳು. ಒಂದನೆಯದು, ಇರುವ ಮೋಟೆಲಿನಲ್ಲೇ ಆರು ಕೋಣೆಯನ್ನು ಮೇಲೆ ಹೇಳಿದಂತೆ ಸರಿಮಾಡಿ ಸಂಸ್ಥೆಗೆ ರಾತ್ರಿಯ ಲೆಕ್ಕದಲ್ಲಿ ಕೊಡುವುದು. ಅಪಾಯ ಕಡಿಮೆ. ತೊಡಕು ಹಣದ್ದು: ಪ್ರಯಾಣ ನೆರವಿನ ಸರ್ಕಾರಿ ಯೋಜನೆ, ಎಲ್ಲರೂ ಪ್ಯಾಟ್ಸ್ ಎನ್ನುವುದು, ಮಂಜೂರಾದ ರೋಗಿಗೆ ಮತ್ತು ಮಂಜೂರಾದ ಜೊತೆಗಾರರಿಗೆ ಮಾತ್ರ ಕೊಡುತ್ತದೆ. ಜೊತೆಗೆ ಬಂದ ಮೊಮ್ಮಗುವಿಗೆ ಯಾರು ಕೊಡುತ್ತಾರೆ? ವೈದ್ಯರು ಇನ್ನೆರಡು ದಿನ ಇರಿ ಎಂದರೆ? ಆರು ಕೋಣೆಗೂ ಒಟ್ಟು ದರ, ಬಂದರೂ ಬರದಿದ್ದರೂ ಪಾವತಿ, ತಿಂಗಳಿಗೊಂದು ಬಿಲ್ಲು ಎಂದು ಮಾಡಿಕೊಂಡರೆ ಈ ಪ್ರಶ್ನೆಗಳು ನಿಮ್ಮ ಕೌಂಟರಿಗೆ ಬರುವುದಿಲ್ಲ. ಕ್ರೆಡಿಟ್ ಕಾರ್ಡಿನ ಮುಂಗಡವನ್ನು ಗಿರಾಕಿಯಿಂದ ಕೇಳಲೇಬೇಡಿ, ಬಹುತೇಕರ ಬಳಿ ಆ ಕಾರ್ಡ್ ಇರುವುದಿಲ್ಲ. ಹಾನಿಗೆ ಸಂಸ್ಥೆಯೊಂದಿಗೇ ಒಂದು ಮಿತಿ ಮಾಡಿಕೊಳ್ಳಿ, ಒಳಗೆ ಬರುವಾಗ ಹೊರಗೆ ಹೋಗುವಾಗ ಕೋಣೆಯ ಫೋಟೋ ತೆಗೆದಿಡಿ. ಡಯಾಲಿಸಿಸ್ ವಾಹನ ಬೆಳಗಿನ ಐದೂವರೆಗೇ ಬರಬಹುದು, ಗೇಟು ಅಷ್ಟು ಹೊತ್ತಿಗೆ ತೆರೆದಿರಬೇಕು ಎನ್ನುವುದೂ ಅದರಲ್ಲಿರಲಿ.

ಎರಡನೆಯದು, ಒಂದು ಭಾಗವನ್ನು ಸಂಸ್ಥೆಗೇ ಉಪಲೀಸ್‌ಗೆ ಕೊಟ್ಟು ಸಿಬ್ಬಂದಿ, ಗೇಟು, ನಿಯಮ ಎಲ್ಲ ಅವರಿಗೇ ಬಿಡುವುದು. ಅಬೊರಿಜಿನಲ್ ಸಿಬ್ಬಂದಿ ಕೌಂಟರಿನಲ್ಲಿದ್ದರೆ ಮೇಲಿನ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ, ನನಗೆ ಇದೇ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಆದರೆ ನೀವೇ ಲೀಸ್‌ದಾರರು. ಕಟ್ಟಡದ ಮಾಲೀಕರ ಒಪ್ಪಿಗೆ ಇಲ್ಲದೆ ಉಪಲೀಸ್ ಆಗದು.

ಮೂರನೆಯದು, ಇಡೀ ಮೋಟೆಲನ್ನೇ ಹಾಸ್ಟೆಲ್ ಮಾಡುವುದು. ಈಗ ಬೇಡ. ಹಾಸ್ಟೆಲೂ ಮೋಟೆಲೂ ಕಟ್ಟಡ ಸಂಹಿತೆಯಲ್ಲಿ ಸಾಮಾನ್ಯವಾಗಿ ಒಂದೇ 3ನೇ ವರ್ಗಕ್ಕೆ ಬಂದರೂ ಯೋಜನಾ ಅನುಮತಿ, ಅಡುಗೆಮನೆ, ರಾತ್ರಿ ಸಿಬ್ಬಂದಿ ಎಲ್ಲ ಬದಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸರ್ಕಾರದ ಅನುದಾನ ಹೆಚ್ಚಾಗಿ ಕೆಲವೇ ವರ್ಷದ್ದು, ನಿಮ್ಮ ಲೀಸ್ ಅದಕ್ಕಿಂತ ಉದ್ದ ಇರಬಹುದು. ಅನುದಾನ ನಿಂತ ದಿನ 22 ಕೋಣೆಯೂ ಒಟ್ಟಿಗೆ ಖಾಲಿ.

ನಾಲ್ಕನೆಯದು, ಒಪ್ಪಂದವೇ ಬೇಡ ಎನ್ನುವುದು. ಅದು ನಿಮ್ಮ ಹಕ್ಕು. ಆದರೆ ನಾಳೆ ಯುಎಂಡುಮುವಿನಿಂದ ಒಬ್ಬರು ಕೈಯಲ್ಲಿ ದುಡ್ಡು ಹಿಡಿದು ಬಂದರೆ, ಕೋಣೆ ಖಾಲಿ ಇದ್ದರೆ, ಕೊಡಲೇಬೇಕು. ನಿಮ್ಮ ಪಾಲುದಾರರಿಗೆ ಇದನ್ನು ಇವತ್ತೇ ಹೇಳಿ.

ಮೊದಲನೆಯದರಿಂದ ಶುರುಮಾಡಿ, ಆರು ತಿಂಗಳಿಗೆ. ಸಹಿ ಹಾಕುವ ಮೊದಲು ಸಂಸ್ಥೆಯನ್ನು ಒಂದೇ ಒಂದು ಕೇಳಿ: ಎರಡು ಮೂರು ಭಾಷೆಯ ಹಿರಿಯ ಹೆಂಗಸರನ್ನು ಒಂದು ದಿನ, ಹಿರಿಯ ಗಂಡಸರನ್ನು ಬೇರೆ ದಿನ ಮೋಟೆಲಿಗೆ ಕಳಿಸಿ ಎಂದು. ಅವರ ಸಮಯಕ್ಕೆ ದುಡ್ಡು ಕೊಡಿ, ಚಹಾ ಕೊಡಿ, ಅಂಗಳದಲ್ಲಿ ಓಡಾಡಲು ಬಿಡಿ. ಒಲೆ ಎಲ್ಲಿ, ಯಾವ ಬಾಗಿಲು ಯಾರಿಗೆ, ಯಾವ ಮರದ ಕೆಳಗೆ ಬೆಂಚು ಎಂದು ಅವರು ತೋರಿಸಿದ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಆಮೇಲೆ ಪ್ಲಂಬರನ್ನು ಕರೆಸಿ.